ಐದು ಡಾಲರಿನ ಕೌದಿ

1886ನೇ ಇಸವಿ. ಅಮೆರಿಕಾದ ದಕ್ಷಿಣದಲ್ಲಿರುವ ಜಾರ್ಜಿಯಾ ರಾಜ್ಯದ ಅಥೆನ್ಸ್ ಪಟ್ಟಣದಲ್ಲಿ ಒಂದು ಹತ್ತಿಯ ಮೇಳ ನಡೆಯಿತು. ಹತ್ತಿ ಆ ಸೀಮೆಯ ಬಂಗಾರ. ಆ ಬಂಗಾರವನ್ನು ಬಿತ್ತಿದವರು, ಬಿಡಿಸಿದವರು, ಹೊತ್ತವರು ಮಾತ್ರ ಆಫ್ರಿಕಾದಿಂದ ಹಿಡಿದು ತಂದು ಸಂತೆಯಲ್ಲಿ ಮಾರಿದ ಜನ, ಅವರ ಮಕ್ಕಳು, ಮೊಮ್ಮಕ್ಕಳು. ಕಾನೂನಿನ ಪುಸ್ತಕದಲ್ಲಿ ಗುಲಾಮಗಿರಿ ಹೋಗಿ ಆಗಿನ್ನೂ ಇಪ್ಪತ್ತೊಂದು ವರ್ಷ. ಆ ಮೇಳದ ಒಂದು ಮೂಲೆಯಲ್ಲಿ ಕೌದಿಯೊಂದು ತೂಗುತ್ತಿತ್ತು. ಹೊಲಿದವಳು ಹ್ಯಾರಿಯೆಟ್ ಪವರ್ಸ್, 1837ರಲ್ಲಿ ಗುಲಾಮಳಾಗಿಯೇ ಹುಟ್ಟಿದ ಕಪ್ಪು ಹೆಣ್ಣುಮಗಳು.

ಕೌದಿ ಅಂದರೆ ನಮಗೆ ಹೊಸದೇನಲ್ಲ. ಹರಿದ ಸೀರೆ, ಸವೆದ ಪಂಚೆ, ಕೂಸಿನ ಅಂಗಿ, ಸತ್ತವರ ಬಟ್ಟೆ ಎಲ್ಲ ಸೇರಿಸಿ ತೇಪೆಯ ಮೇಲೆ ತೇಪೆ ಹಾಕಿ ನಮ್ಮ ಅವ್ವಂದಿರು ಹೊಲಿದದ್ದರ ಮೇಲೆಯೇ ನಾವು ಹುಟ್ಟಿದ್ದು, ಮಲಗಿದ್ದು. ಆದರೆ ಹ್ಯಾರಿಯೆಟ್ಟಳ ಕೌದಿ ಬರೀ ಹೊದಿಕೆಯಲ್ಲ. ಹನ್ನೊಂದು ಚೌಕ, ಚೌಕಕ್ಕೊಂದು ಕತೆ. ಆದಾಮ ಈವರು, ತಮ್ಮನನ್ನು ಕೊಂದ ಕಾಯಿನ, ಏಸುವನ್ನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ ಯೂದ, ಶಿಲುಬೆ. ಬಟ್ಟೆಯನ್ನು ಮನುಷ್ಯರ, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿ ಇನ್ನೊಂದು ಬಟ್ಟೆಯ ಮೇಲೆ ಕೂಡಿಸಿ ಹೊಲಿದಿದ್ದಾಳೆ. ಸ್ವಲ್ಪ ಕೈಹೊಲಿಗೆ, ಸ್ವಲ್ಪ ಮಿಷನ್ ಹೊಲಿಗೆ. ಪಶ್ಚಿಮ ಆಫ್ರಿಕಾದ ದಹೋಮಿಯಲ್ಲಿ ಇದೇ ರೀತಿ ಬಟ್ಟೆ ಕತ್ತರಿಸಿ ರಾಜರ ಕತೆ ಹೊಲಿಯುವ ಪದ್ಧತಿ ಇದೆ. ಎರಡಕ್ಕೂ ಹೋಲಿಕೆ ಇದೆ ಎಂದು ಅನೇಕ ವಿದ್ವಾಂಸರು ಹೇಳಿದ್ದಾರೆ.

ಮೇಳಕ್ಕೆ ಬಂದ ಜೆನ್ನಿ ಸ್ಮಿತ್ ಎಂಬ ಬಿಳಿಯ ಚಿತ್ರಕಲಾ ಶಿಕ್ಷಕಿ ಈ ಕೌದಿಗೆ ಮರುಳಾದಳು. ಹುಡುಕಿಕೊಂಡು ಹೋಗಿ ಕೊಡ್ತೀಯಾ ಎಂದು ಕೇಳಿದಳು. ಯಾವ ಬೆಲೆಗೂ ಕೊಡಲ್ಲ ಅಂದುಬಿಟ್ಟಳು ಹ್ಯಾರಿಯೆಟ್. ಈ 'ಇಲ್ಲ' ಎಂಬ ಮಾತನ್ನು ನಾವು ಸುಮ್ಮನೆ ದಾಟಿ ಹೋಗಬಾರದು. ತನ್ನ ದೇಹವೇ ಇನ್ನೊಬ್ಬರ ಆಸ್ತಿಯಾಗಿದ್ದ ಕಾಲದಲ್ಲಿ ಬೆಳೆದವಳು ಈಕೆ. ಇದು ನನ್ನದು, ಮಾರಲ್ಲ ಎಂದು ಬಿಳಿಯರ ಮುಖಕ್ಕೆ ಹೇಳುವುದು ಅವಳ ಪಾಲಿಗೆ ಸ್ವಾತಂತ್ರ್ಯದ ಮೊದಲ ಅಕ್ಷರ.

ಆದರೆ ಹೊಟ್ಟೆ ಕೇಳಬೇಕಲ್ಲ. ಗಂಡ ಹೆಂಡತಿ ಬಿಡುಗಡೆಯಾದ ಮೇಲೆ ದುಡಿದು ನಾಲ್ಕು ಎಕರೆ ಭೂಮಿ ಮಾಡಿಕೊಂಡಿದ್ದರು. ಕಾಲ ಕೆಟ್ಟಿತು. ಮುಂದೆ ಆ ತುಂಡು ಭೂಮಿಯೂ ಸ್ವಲ್ಪ ಸ್ವಲ್ಪವಾಗಿ ಕೈಬಿಟ್ಟಿತು. ಮೇಳವಾದ ನಾಲ್ಕೈದು ವರ್ಷದ ಮೇಲೆ ಹ್ಯಾರಿಯೆಟ್ ಕೌದಿಯನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಎತ್ತಿನ ಬಂಡಿಯಲ್ಲಿ ಸ್ಮಿತ್ ಮನೆಗೆ ಬಂದಳು. ಹತ್ತು ಡಾಲರ್ ಕೇಳಿದಳು. ಕೈಗೆ ಸಿಕ್ಕಿದ್ದು ಐದು. ಕೊಡುವ ಮೊದಲು ಒಂದೊಂದು ಚೌಕದ ಅರ್ಥವನ್ನೂ ಬಿಡಿಸಿ ಹೇಳಿದಳು. ಆಮೇಲೆಯೂ ಹಲವು ಸಲ ಆ ಮನೆಗೆ ಹೋಗಿ ತನ್ನ ಕೌದಿಯನ್ನು ನೋಡಿಬಂದಳು, ಕೊಟ್ಟ ಮನೆಯಲ್ಲಿ ಮಗಳನ್ನು ನೋಡಿ ಬರುವ ತಾಯಿಯ ಹಾಗೆ.

ಸ್ಮಿತ್ ಕೆಟ್ಟವಳು ಅಂತ ನಾವು ಹೇಳುತ್ತಿಲ್ಲ. ಆಕೆ ಆ ವಿವರಣೆಯನ್ನು ಬರೆದಿಡದೆ ಹೋಗಿದ್ದರೆ ಇವತ್ತು ನಮಗೆ ಹ್ಯಾರಿಯೆಟ್ಟಳ ಮಾತು ಸಿಗುತ್ತಿರಲಿಲ್ಲ. ನಮ್ಮ ತಕರಾರು ಬೇರೆ. ಮೆಚ್ಚುವ ಕಣ್ಣು ಒಂದು ಕಡೆ, ಹಸಿದ ಹೊಟ್ಟೆ ಇನ್ನೊಂದು ಕಡೆ ನಿಂತಾಗ ಬೆಲೆ ಕಟ್ಟುವವರು ಯಾವಾಗಲೂ ಯಾರು? ಇದು ಒಬ್ಬಿಬ್ಬರ ಸ್ವಭಾವದ ಮಾತಲ್ಲ, ವ್ಯವಸ್ಥೆಯ ಮಾತು.

ಹ್ಯಾರಿಯೆಟ್ಟಳ ಇನ್ನೊಂದು ಕೌದಿ ಉಳಿದಿದೆ. 1895 ಮತ್ತು 1898ರ ನಡುವೆ ಹೊಲಿದದ್ದು, ಹದಿನೈದು ಚೌಕದ್ದು. ಇದರಲ್ಲಿ ಬೈಬಲಿನ ಕತೆಗಳ ಪಕ್ಕದಲ್ಲೇ ಚರಿತ್ರೆ ಕೂತಿದೆ. 1780ರ ಮೇ 19ರಂದು ಹಗಲೇ ಕತ್ತಲಾದದ್ದು, 1833ರ ನವೆಂಬರ್ 13ರ ರಾತ್ರಿ ಆಕಾಶದಿಂದ ಉಲ್ಕೆಗಳ ಮಳೆ ಸುರಿದದ್ದು, 1895ರ ಫೆಬ್ರವರಿಯ ಮೈ ಕೊರೆಯುವ ಚಳಿ. ಉಲ್ಕೆ ಸುರಿದದ್ದು ಅವಳು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು. ಹಿರಿಯರ ಬಾಯಿಂದ ಕೇಳಿದ್ದನ್ನು ಬಟ್ಟೆಗೆ ಇಳಿಸಿದ್ದಾಳೆ. ಇದನ್ನು ಇತಿಹಾಸ ಅನ್ನದೆ ಮತ್ತೇನಂತ ಕರೀಬೇಕು? ಒಂದು ಚೌಕದಲ್ಲಿ ಬೆಟ್ಸ್ ಎಂಬ ಹಂದಿ ಇದೆ. ಜಾರ್ಜಿಯಾದಿಂದ ವರ್ಜೀನಿಯಾಕ್ಕೆ ಐನೂರು ಮೈಲಿ ಓಡಿಹೋದ ಸ್ವತಂತ್ರ ಹಂದಿ ಅದು. ಜಾರ್ಜಿಯಾದಿಂದ ವರ್ಜೀನಿಯಾ ಉತ್ತರಕ್ಕೆ. ಗುಲಾಮರು ತಪ್ಪಿಸಿಕೊಂಡು ಓಡುತ್ತಿದ್ದದ್ದೂ ಉತ್ತರಕ್ಕೇ. ಹಂದಿ ಯಾಕೆ ಓಡಿತು ಅಂತ ನಮ್ಮ ಕೇರಿಯ ಮಕ್ಕಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಬಹಳ ವರ್ಷ ಪಂಡಿತರು ಹೇಳಿದ್ದೇನು? ಈಕೆ ಅಕ್ಷರ ಕಾಣದವಳು, ಚರ್ಚಿನಲ್ಲಿ ಕೇಳಿದ್ದನ್ನು ಮುಗ್ಧವಾಗಿ ಹೊಲಿದಳು ಅಂತ. ಕಪ್ಪು ಸಂಶೋಧಕಿ ಕೈರಾ ಹಿಕ್ಸ್ 2009ರಲ್ಲಿ ಪ್ರಕಟಿಸಿದ ಪುಸ್ತಕ ಈ ಮಾತನ್ನು ಬುಡಮೇಲು ಮಾಡಿತು. 1896ರಲ್ಲಿ ಹ್ಯಾರಿಯೆಟ್ ತನ್ನ ಬದುಕಿನ ಬಗ್ಗೆ, ತಾನು ಓದು ಕಲಿತದ್ದರ ಬಗ್ಗೆ, ಹೊಲಿದ ಬೇರೆ ಕೌದಿಗಳ ಬಗ್ಗೆ ತಿಳಿಸಿದ ಪತ್ರವೊಂದು ಬೆಳಕಿಗೆ ಬಂತು. 'ಮುಗ್ಧ' ಎಂಬ ಹೊಗಳಿಕೆಯ ಹಿಂದೆ ಇರುವ ಬೈಗುಳ ನಮಗೆ ಹಳೆಯ ಪರಿಚಯ. ನಮ್ಮವರು ಹಾಡಿದರೆ ಅದು ಜಾನಪದ, ಅವರು ಹಾಡಿದರೆ ಸಂಗೀತ. ನಮ್ಮವರು ಹೊಲಿದರೆ ಕಸುಬು, ಅವರು ಹೊಲಿದರೆ ಕಲೆ.

ಹ್ಯಾರಿಯೆಟ್ 1910ರ ಜನವರಿ 1ರಂದು ತೀರಿಕೊಂಡಳು. ಅವಳ ಸಮಾಧಿಯ ಕಲ್ಲು ಎಲ್ಲಿದೆ ಅಂತ ಮತ್ತೆ ಗೊತ್ತಾಗಿದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಒಂದು ಕೌದಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ, ಇನ್ನೊಂದು ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ದೇಶದ ಸಂಪತ್ತಾಗಿ ಕೂತು ದಶಕಗಳೇ ಆಗಿದ್ದವು. 1992ರಲ್ಲಂತೂ ಅವಳ ಬೈಬಲ್ ಕೌದಿಯ ನಕಲುಗಳನ್ನು ಚೀನಾದಲ್ಲಿ ಅಗ್ಗದ ಕೂಲಿಗೆ ಹೊಲಿಸಿ ಅಮೆರಿಕಾದಲ್ಲಿ ಮಾರಾಟಕ್ಕಿಟ್ಟರು. ಅಲ್ಲಿನ ಕೌದಿ ಹೊಲಿಯುವ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದರು. ಒಬ್ಬಳ ಬಡತನಕ್ಕೆ ಐದು ಡಾಲರ್ ಕಟ್ಟಿದ ಲೆಕ್ಕವೇ ನೂರು ವರ್ಷದ ಮೇಲೆ ಬೇರೊಂದು ದೇಶದ ಬಡವರ ಬೆರಳಿಗೆ ಹೋಗಿ ತಗುಲಿತು.

ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕತೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಮೂರು ಕಡೆ ನದಿ ಸುತ್ತಿದ ಊರು. ಹಳೆಯ ಗುಲಾಮರ ಮಕ್ಕಳು ಅದೇ ಹೊಲದಲ್ಲಿ ಗೇಣಿಗೆ ಉತ್ತವರು. 1960ರ ದಶಕದ ಮೊದಲಲ್ಲಿ ಈ ಜನ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೊರಟಾಗ ಪಟ್ಟಣಕ್ಕೆ ಹೋಗುವ ದೋಣಿಯನ್ನೇ ನಿಲ್ಲಿಸಿಬಿಟ್ಟರು. ಆ ದೋಣಿ ಮತ್ತೆ ನೀರಿಗಿಳಿದದ್ದು 2006ರಲ್ಲಿ! 1966ರಲ್ಲಿ ಆ ಭಾಗದ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿ ಕೌದಿ ಮಾರಿದರು. 2002ರಲ್ಲಿ ಜೀಸ್ ಬೆಂಡಿನ ಕೌದಿಗಳು ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಗೋಡೆ ಏರಿದವು. ಹೊಲದಲ್ಲಿ ಹಾಕಿ ಮೊಣಕಾಲು ಸವೆದ ಪ್ಯಾಂಟುಗಳ ತೇಪೆ ನೋಡಲು ಜನ ಕ್ಯೂ ನಿಂತರು. 2006ರಲ್ಲಿ ಅಂಚೆ ಚೀಟಿಯೂ ಬಂತು. 2007ರಲ್ಲಿ ಕೆಲವು ಹೆಂಗಸರು ತಮಗೆ ನ್ಯಾಯವಾದ ಪಾಲು ಸಿಕ್ಕಿಲ್ಲವೆಂದು ಕೋರ್ಟಿನ ಮೆಟ್ಟಿಲೇರಿದರು. ಮರುವರ್ಷ ಆ ವ್ಯಾಜ್ಯಗಳು ರಾಜಿಯಾದವು. ರಾಜಿ ಏನೇ ಇರಲಿ, ಬೆಲೆ ಎಷ್ಟು ಅಂತ ತಿರುಗಿ ಕೇಳಿದರಲ್ಲ, ಅದು ದೊಡ್ಡದು.

ಇದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಅವರಲ್ಲಿ ಅನೇಕರು. ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತಿಕೊಂಡು ಬಂದು, ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಕೌದಿ ಅಂತಾರೆ. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಕಪ್ಪು ಜನರ ಚರಿತ್ರೆಯನ್ನು ಕಾಪಾಡುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಬಾಬಾಸಾಹೇಬರು 1913ರಿಂದ ಮೂರು ವರ್ಷ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಆ ಹಾರ್ಲೆಮ್‌ನ ಮಗ್ಗುಲಲ್ಲೇ ಇದೆ. ಹ್ಯಾರಿಯೆಟ್ಟಳ ಮಕ್ಕಳೂ ಸಿದ್ದಿ ಅವ್ವಂದಿರೂ ಎರಡು ದಿಕ್ಕಿಗೆ ಹೋದ ಹಡಗುಗಳಲ್ಲಿ ಬೇರೆಯಾದವರು. ಅಲ್ಲಿ ಗೋಡೆಯ ಮೇಲೆ ಒಂದಾದರು.

ಆದರೆ ಸಿದ್ದಿಯರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಕೌದಿಗೆ ಸಿಕ್ಕ ಗೋಡೆಯಷ್ಟೇ ಕೌದಿ ಹೊಲಿದವಳಿಗೆ ಭೂಮಿ, ಶಾಲೆ, ಆಸ್ಪತ್ರೆ ಸಿಕ್ಕಿದೆಯಾ ಎಂದು ಕೇಳುವುದು ನಮ್ಮ ಕೆಲಸ. ಪ್ರದರ್ಶನ ಬೇಡ ಅಂತ ನಾವು ಅನ್ನುವುದಿಲ್ಲ. ಬಣ್ಣ ನೋಡಿ, ಹೊಲಿಗೆ ನೋಡಿ, ಕಣ್ಣು ತುಂಬ ನೋಡಿ, ಕೈ ಮುಗೀರಿ ಬೇಕಾದರೆ. ನೋಡಿದ ಮೇಲೆ ಮೂರು ಮಾತು ಕೇಳಿ: ಹೊಲಿದವಳ ಹೆಸರು ಇಲ್ಲಿ ಬರೆದಿದೆಯಾ? ಬೆಲೆ ಕಟ್ಟಿದವರು ಯಾರು? ಆ ದುಡ್ಡು ಯಾರ ಮನೆಗೆ ಹೋಯಿತು? ಹಾಗೆಯೇ ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕೌದಿ ಇದ್ದರೆ ಇಳಿಸಿ, ಬದುಕಿರುವ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ತೇಪೆ ಯಾರದ್ದು ಅಂತ ಕೇಳಿ ಬರೆದುಕೊಳ್ಳಿ.