ಕೂಸಿಗೊಂದು ಕುರುಹು

ನಮ್ಮ ಮನೆಯ ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಇಳಕಲ್ಲ ಸೀರೆಯೊಂದರ ಮಡಿಕೆಯೊಳಗೆ, ಮೂರು ರಿಬ್ಬನ್ನುಗಳಿವೆ. ಎರಡು ಗಿಳಿಹಸಿರು, ಒಂದು ಕೆಂಪು. ಕೆಂಪಿನದಕ್ಕೆ ಜೋಡಿಯಿಲ್ಲ. ನಮ್ಮ ಸೀಮೆಯ ಇತಿಹಾಸ ಹೇಳಲು ಬಂದವನು ಟ್ರಂಕು ತೆರೆದು ಕುಳಿತನಲ್ಲ ಎಂದು ಕೇಳುಗರು ಬೇಸರಿಸಬಾರದು. ಇತಿಹಾಸಕ್ಕೆ ನಾನು ಬಂದದ್ದೇ ಆ ಟ್ರಂಕಿನ ದಾರಿಯಿಂದ.

ರಿಬ್ಬನ್ ಎಂಬ ಮಾತು ನಮ್ಮಲ್ಲಿಗೆ ಬಂದದ್ದು ಇತ್ತೀಚೆಗೆ. ನನ್ನ ತಾಯಿ ಅದನ್ನು ಫೀತ ಎನ್ನುತ್ತಿದ್ದಳು. ಪೋರ್ಚುಗೀಸರ ‘ಫಿತಾ’ ಮರಾಠಿಯಲ್ಲಿ ಫೀತ, ಹಿಂದಿಯಲ್ಲಿ ಫೀತಾ ಆಯಿತು. ಮರಾಠಿ ಆಡಳಿತದ ನೆರಳಿನಲ್ಲಿದ್ದ ನಮ್ಮ ಊರುಗಳಿಗೂ ಕಾಲಿಟ್ಟಿತು. ಆಗ ಈ ಊರುಗಳ ಆಳ್ವಿಕೆಯೇ ಒಂದು ಚಿತ್ತಾರದ ಕೌದಿ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು; ಬನಹಟ್ಟಿ ಜಮಖಂಡಿಗೆ ಸೇರಿದರೆ ಅದರ ಮಗ್ಗುಲಿನ ರಬಕವಿ ಸಾಂಗಲಿಗೆ; ಬೀಳಗಿಯಲ್ಲಿ ಇಂಗ್ಲಿಷರು. 1948ರಲ್ಲಿ ಸಂಸ್ಥಾನಗಳು ಹೋದವು, 1956ರಲ್ಲಿ ಎಲ್ಲವೂ ಕನ್ನಡ ರಾಜ್ಯಕ್ಕೆ ಬಂದವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಗಡಿಗಳು ಎಷ್ಟು ಸಲ ಬದಲಾದರೂ ಮಗ್ಗದ ಸದ್ದು ಮಾತ್ರ ಈ ನೆಲದಲ್ಲಿ ನಿಲ್ಲಲಿಲ್ಲ. ನನ್ನ ಹೆಂಡತಿ ರಬಕವಿಯ ನೇಕಾರರ ಮನೆಯವಳು. ಅವಳ ಕಣ್ಣಿಗೆ ಕೆಂಪೆಂಬ ಒಂದೇ ಬಣ್ಣವಿಲ್ಲ. ದಾಳಿಂಬೆಯ ಕೆಂಪು ಬೇರೆ, ಕುಂಕುಮದ ಕೆಂಪು ಬೇರೆ. ಹಸಿರಿನಲ್ಲಿಯೂ ಗಿಳಿ, ನವಿಲು ಎಂಬ ಕುಲಭೇದವುಂಟು.

ನಾನು ಕಲಿಸಿದ್ದು ಸಾಹಿತ್ಯ. ಮುವತ್ತು ವರ್ಷ ತರಗತಿಗಳಲ್ಲಿ ಮುಧೋಳದ ರನ್ನನನ್ನು ಹಾಡಿದೆ, ಹೊಗಳಿದೆ. ಬಳೆಗಾರರ ಮನೆಯಲ್ಲಿ, ಬಣ್ಣದ ಬಳೆಗಳ ನಡುವೆ, ಹುಟ್ಟಿದ ಕವಿ ಅವನು. ಅವನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ ತನ್ನ ಮಗ ಲಕ್ಷಣಕುಮಾರನ ಶವದ ಮುಂದೆ ನಿಲ್ಲುತ್ತಾನಷ್ಟೆ. ತಂದೆಗೆ ಮಗನು ನೀರು ಬಿಡುವುದು ಲೋಕದ ಕ್ರಮ. ಈಗ ಮಗನಿಗೆ ತಂದೆ ಬಿಡಬೇಕಾಯಿತಲ್ಲ, ಕ್ರಮವನ್ನೇ ತಿರುವುಮುರುವು ಮಾಡಿದೆಯಲ್ಲ ಎಂದು ಆ ಹಠಮಾರಿ ಅರಸ ಕರಗುತ್ತಾನೆ. ಪಾಂಡವರ ಮಗ ಅಭಿಮನ್ಯುವಿನ ಹೆಣಕ್ಕೂ ಅಲ್ಲಿಯೇ ಕೈ ಮುಗಿಯುತ್ತಾನೆ. ಅಲಂಕಾರ, ಛಂದಸ್ಸು, ಕರುಣರಸ ಎಂದು ನಾನು ಈ ಭಾಗವನ್ನು ಲೀಲಾಜಾಲವಾಗಿ ಪಾಠ ಮಾಡುತ್ತಿದ್ದೆ. 1993ರ ಮಳೆಗಾಲದ ನಂತರ ಎರಡು ವರ್ಷ ಆ ಭಾಗವನ್ನು ಸಹೋದ್ಯೋಗಿಯೊಬ್ಬರಿಗೆ ಬಿಟ್ಟುಕೊಟ್ಟೆ.

ಆ ಮಳೆಗಾಲದಲ್ಲಿ ನಮ್ಮ ಎಂಟು ವರ್ಷದ ಮಗಳು ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು. ಅದಕ್ಕೆ ವಾರದ ಹಿಂದೆ ಶಾಲೆಯಿಂದ ಒಂದೇ ಜಡೆಯಲ್ಲಿ ಕೆಂಪು ರಿಬ್ಬನ್ ಇಟ್ಟುಕೊಂಡು ಬಂದಿದ್ದಳು. ಇನ್ನೊಂದನ್ನು ದಾರಿಯಲ್ಲೆಲ್ಲೋ ಕಳೆದುಕೊಂಡಿದ್ದಳು. ತಿಂಗಳಲ್ಲಿ ಅದು ಎರಡನೆಯ ಸಲ. ನಾನು ಗದರಿಸಿದೆ. ಹೊಸದು ಕೊಡಿಸುವುದಿಲ್ಲ, ಹುಡುಕಿಕೊಂಡು ಬಾ ಎಂದೆ. ಅವಳು ಸಂಜೆ ಬೀದಿಯುದ್ದಕ್ಕೂ ಹುಡುಕಿ, ಬರಿಗೈಯಲ್ಲಿ ಬಂದು, ಊಟಕ್ಕೆ ಕುಳಿತಳು. ಆಗ ಒಂದು ರಿಬ್ಬನ್ನಿನ ಬೆಲೆ ಎಷ್ಟಿತ್ತೆಂಬುದು ನನಗೆ ನೆನಪಿಲ್ಲ. ಬಹಳವಿರಲಿಲ್ಲ ಎಂಬುದು ಮಾತ್ರ ನೆನಪಿದೆ.

ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ನಮ್ಮ ಹಳ್ಳಿಯ ಹೊಲದ ಬದುವಿನಲ್ಲಿ ಅವಳನ್ನು ಮಣ್ಣು ಮಾಡಿದೆವು. ಮೂರನೆಯ ದಿನ ತಾಯಿ ನನ್ನನ್ನು ಪಡಸಾಲೆಗೆ ಕರೆದು ಹೇಳಿದಳು: “ಎಪ್ಪಾ, ಹೋದ ಕೂಸಿನ ಅರಿವಿ ಅಂಚಡಿ ಮನಿಯಾಗ ಇಟ್ಕೋಬಾರದು. ಹೊಳಿಗೆ ಬಿಟ್ಟು ಬಾ.” ಲಂಗ, ಪಾಟಿಚೀಲ, ಚಪ್ಪಲಿ ಎಲ್ಲವೂ ಹೋದವು. ರಿಬ್ಬನ್ನುಗಳನ್ನು ಮಾತ್ರ ಹೆಂಡತಿ ಸೆರಗಿನಲ್ಲಿ ಅಡಗಿಸಿಟ್ಟುಕೊಂಡಿದ್ದಳು. ನನಗೆ ಅದು ತಿಳಿದದ್ದು ಆರು ತಿಂಗಳ ಮೇಲೆ.

ತಾಯಿಯ ಮಾತನ್ನು ನಾನು ಬಹುಕಾಲ ಕ್ರೌರ್ಯವೆಂದೇ ತಿಳಿದಿದ್ದೆ. ಆಮೇಲೆ ನಮ್ಮ ಶಾಸನಗಳನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ತುರು ಕಾಯುತ್ತ ಸತ್ತವನಿಗೆ ವೀರಗಲ್ಲು, ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು, ಸಲ್ಲೇಖನದಿಂದ ಮುಡಿಪಿದವರಿಗೆ ನಿಷಿಧಿ. ರನ್ನನು ಹುಟ್ಟಿದ ಕಾಲಕ್ಕೇ, ಸುಮಾರು 949ರಲ್ಲಿ, ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿತು, ಅದಕ್ಕೆ ಪೂಜೆಯೂ ಗೊತ್ತಾಯಿತು. ಜ್ವರದಿಂದ ಸತ್ತ ಕೂಸಿಗೆ ನಿಲ್ಲಿಸಿದ ಕಲ್ಲೊಂದನ್ನು ನಾನು ನನ್ನ ಓದಿನಲ್ಲಿ ಕಾಣಲಿಲ್ಲ. ಎರಡು ವರ್ಷ ತುಂಬದ ಕೂಸಿಗೆ ದಹನವಿಲ್ಲ, ತರ್ಪಣವಿಲ್ಲ ಎಂದು ಸ್ಮೃತಿಗಳೂ ಹೇಳುತ್ತವೆ. ಮನೆಮನೆಯಲ್ಲಿ ಎರಡು ಮೂರು ಕೂಸುಗಳು ಹೋಗುತ್ತಿದ್ದ ಕಾಲದಲ್ಲಿ ಪ್ರತಿಯೊಂದಕ್ಕೂ ಕಲ್ಲು ನಿಲ್ಲಿಸಿದ್ದರೆ ಉತ್ತಲು ಹೊಲ ಎಲ್ಲಿ ಉಳಿಯುತ್ತಿತ್ತು? ಮರೆಯಬೇಕೆಂಬ ಕಟ್ಟಳೆ ಬದುಕುವವರ ಕಟ್ಟಳೆ. ನನ್ನ ತಾಯಿಯೂ ಇಬ್ಬರನ್ನು ಕಳೆದುಕೊಂಡವಳು. ಅವರ ಹೆಸರನ್ನು ಅವಳು ಒಂದು ದಿನವೂ ಎತ್ತಲಿಲ್ಲ.

ಆದರೆ ಕಲ್ಲು ಮಾಡದ ಕೆಲಸವನ್ನು ನೂಲು ಮಾಡಿತು ಎಂದು ನನಗೆ ತೋರುತ್ತದೆ. ಹಿಂದಿನ ಕೂಸುಗಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಗೆ ಹಾಕಿ ಎತ್ತಿಕೊಂಡು ತಿಪ್ಪಣ್ಣ ಎಂದರು, ಅಡವಿಗೆ ಒಪ್ಪಿಸಿ ಅಡಿವೆಪ್ಪ ಎಂದರು, ಕಲ್ಲಿನಂತೆ ಉಳಿಯಲೆಂದು ಕಲ್ಲವ್ವ ಎಂದರು. ಅಲೈ ಹಬ್ಬದಲ್ಲಿ ಹರಕೆ ಹೊತ್ತು ಕೂಸಿನ ಕೊರಳಿಗೆ ಬಣ್ಣದ ಲಾಡಿ ಹಾಕಿ ಫಕೀರನನ್ನಾಗಿ ಮಾಡಿದರು. ಬೀಳಗಿ, ಮುಧೋಳದ ಹಳ್ಳಿಗಳ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳ ಹಿಂದೆ ಎಷ್ಟೋ ಸಲ ಒಂದು ಸತ್ತ ಕೂಸು ಇರುತ್ತದೆ. ಲಿಂಗಾಯತರ ಮನೆಯ ಕೂಸೂ ಆ ಲಾಡಿಯನ್ನು ತೊಟ್ಟಿದೆ. ಸೊಂಟಕ್ಕೆ ಉಡದಾರ, ಮುಂಗೈಗೆ ಕರಿದಾರ, ತಲೆಗೆ ಗುಳೇದಗುಡ್ಡದ ಖಣದ ತುಣುಕುಗಳ ಕುಲಾವಿ, ಬೆನ್ನಿಗೆ ಇಳಿಬಿಟ್ಟ ಕುಂಚಿಗೆ. ಬದುಕಿದ ಕೂಸಿನ ಮೈಮೇಲಿನ ಈ ಬಣ್ಣಗಳೆಲ್ಲ ಹೋದ ಕೂಸಿನ ಲೆಕ್ಕವನ್ನೂ ಇಟ್ಟಿರುತ್ತಿದ್ದವು. ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡನ್ನು ಅಚ್ಚು ಹಾಕಿಸುವವರೆಗೆ ಈ ತಾಯಂದಿರ ಮಾತು ಬೀಸುಕಲ್ಲಿನ ಸುತ್ತ ಮಾತ್ರ ಇತ್ತು. ಧಾರವಾಡದಲ್ಲಿ ಬೇಂದ್ರೆಯವರು ಕೂಸನ್ನು ಕಳೆದುಕೊಂಡ ಗಂಡ ಹೆಂಡಿರ ನೋಟವನ್ನೇ ಕವಿತೆ ಮಾಡಿದರು. ಹಲವು ಮಕ್ಕಳನ್ನು ಮಣ್ಣಿಗಿಟ್ಟ ಕೈ ಅದು.

ಹೊರಗಿನ ಲೋಕದಲ್ಲಿ ರಿಬ್ಬನ್ನಿನ ಕತೆ ಬೇರೆಯದು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡವರ ಸಾವಿಗೆ ಕರಿಯ ರಿಬ್ಬನ್, ಮಕ್ಕಳ ಸಾವಿಗೆ ಬಿಳಿಯದು. 1979ರಲ್ಲಿ ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯವರು ಒತ್ತೆಯಾಳುಗಳಾದಾಗ, ಅವರಲ್ಲೊಬ್ಬರ ಪತ್ನಿ ಪೆನಿ ಲೇಂಗನ್ ಅಂಗಳದ ಓಕ್ ಮರಕ್ಕೆ ಹಳದಿ ರಿಬ್ಬನ್ ಸುತ್ತಿದರು. ದೇಶವೇ ಅವರನ್ನು ಅನುಸರಿಸಿತು. ಕುಡಿದು ವಾಹನ ನಡೆಸಿದವನಿಂದ ಹದಿಮೂರು ವರ್ಷದ ಮಗಳನ್ನು ಕಳೆದುಕೊಂಡ ಕ್ಯಾಂಡಿ ಲೈಟ್ನರ್ 1980ರಲ್ಲಿ ಕಟ್ಟಿದ ತಾಯಂದಿರ ಸಂಘಟನೆ 1986ರಿಂದ ಕಾರುಗಳಿಗೆ ಕೆಂಪು ರಿಬ್ಬನ್ ಕಟ್ಟಿಸಿತು. 1988ರಲ್ಲಿ ಅಧ್ಯಕ್ಷ ರೇಗನ್ ಅಕ್ಟೋಬರ್ ತಿಂಗಳನ್ನು ಗರ್ಭದಲ್ಲಿ, ಶೈಶವದಲ್ಲಿ ಹೋದ ಕೂಸುಗಳ ನೆನಪಿಗೆಂದು ಸಾರಿದರು. ಅಂಥ ತಂದೆತಾಯಿಗಳು ಗುಲಾಬಿ, ನೀಲಿ ಎರಡೂ ಬಣ್ಣ ಕೂಡಿದ ರಿಬ್ಬನ್ ಧರಿಸುತ್ತಾರೆ. ದುಃಖವನ್ನು ಎದೆಯ ಮೇಲೆ ಸಿಕ್ಕಿಸಿಕೊಂಡು ಬೀದಿಗೆ ಬರುವ ಆ ಧೈರ್ಯ ನನಗೆ ಮೆಚ್ಚಿಕೆಯೇ. ಆದರೂ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟ ರಿಬ್ಬನ್ನಿಗೆ ಅಲ್ಲಿಯ ಬಣ್ಣಗಳ ಅರ್ಥ ಹಚ್ಚಲು ಬರುವುದಿಲ್ಲ. ಅಲ್ಲಿ ಒಂದು ಬಣ್ಣ ಎಲ್ಲರಿಗೂ ಒಂದೇ ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಒಂದೇ ರಿಬ್ಬನ್ ಇಬ್ಬರಿಗೆ ಎರಡು ಮಾತು ಹೇಳುತ್ತದೆ. ಹಸಿರು ನನ್ನ ಹೆಂಡತಿಯ ಪಾಲಿಗೆ ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆ: ಮಗಳ ಕೈಹಿಡಿದು ಅಂಗಡಿಗಳ ಸಾಲಿನಲ್ಲಿ ಅಡ್ಡಾಡಿ, ಚೌಕಾಶಿ ಮಾಡಿ ಕೊಂಡ ಜೋಡಿ. ಕೆಂಪು ನನ್ನ ಪಾಲಿನದು.

ಮುಂದೆ ಆಲಮಟ್ಟಿಯ ನೀರು ಬಂತು. 2000ದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಸಿಕ್ಕಿತು. ಬಾಗಲಕೋಟೆಯ ಹಳೆಯ ಪೇಟೆಯಂತೆ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳೂ ಹಿನ್ನೀರಿಗೆ ಸಿಕ್ಕವು. ನಮ್ಮ ಹಳ್ಳಿಯೂ ಅದರೊಳಗೊಂದು. ಮನೆಗೆ, ಹೊಲಕ್ಕೆ, ಬಾವಿಗೆ, ಮಾವಿನ ಗಿಡಕ್ಕೆ ಪರಿಹಾರದ ಪಟ್ಟಿಯಲ್ಲಿ ಬೆಲೆಯಿತ್ತು. ಬದುವಿನ ಮಣ್ಣಿಗೆ ಅಂಕಣವಿರಲಿಲ್ಲ, ನಾನೂ ಕೇಳಲಿಲ್ಲ. ದೇವರನ್ನು ಎತ್ತಿಕೊಂಡು ಹೊಸ ಊರಿಗೆ ಹೋದವರುಂಟು. ಮಣ್ಣಾದವರನ್ನು ಎತ್ತಿಕೊಂಡು ಹೋಗುವ ವಿಧಿ ಯಾರಿಗೂ ತಿಳಿಯದು. ತಾಯಿ ಆಗ ಇನ್ನೂ ಇದ್ದಳು. ಊರು ಬಿಡುವ ದಿನ ಸೊಸೆಯನ್ನು ಹತ್ತಿರ ಕರೆದು, “ಆ ಫೀತ ಅದಾವಲ್ಲ ತಂಗಿ, ಜ್ವಾಕಿ” ಎಂದಳು. ಇಷ್ಟು ವರ್ಷ ಅವಳಿಗೆ ಗೊತ್ತಿತ್ತು.

ಕಡು ಬೇಸಿಗೆಯಲ್ಲಿ ಹಿನ್ನೀರು ಸರಿದು ಹಳೆಯ ಹೊಲಗಳು ಕೆಲವೆಡೆ ತಲೆ ಎತ್ತುತ್ತವೆ. ಒಂದು ಮೇ ತಿಂಗಳಲ್ಲಿ ನಾವಿಬ್ಬರೂ ಹೋದೆವು. ಬಿರಿದ ಕೆಸರಿನಲ್ಲಿ ಬದು ಯಾವುದು, ಕಾಲುದಾರಿ ಯಾವುದು ಎಂದು ಗುರುತು ಹತ್ತಲಿಲ್ಲ. ಹೆಂಡತಿ ಚೀಲದಿಂದ ಕೆಂಪು ರಿಬ್ಬನ್ ತೆಗೆದಳು. ಇಲ್ಲಿ ಬಿಡುವಳೇನೋ, ಜಾಲಿಗಿಡಕ್ಕೆ ಕಟ್ಟುವಳೇನೋ ಎಂದು ನಾನು ನೋಡುತ್ತ ನಿಂತೆ.

“ಹುಡುಕೂದು ಸಾಕೇನ್ರೀ?” ಎಂದಳು.

ನಾನು ತಲೆಯಾಡಿಸಿದೆ. ಅವಳು ರಿಬ್ಬನ್ನಿನ ಸುಕ್ಕನ್ನು ಉಗುರಿನಿಂದ ತೀಡಿ, ಮಗಳು ಸಂಜೆ ಶಾಲೆಯಿಂದ ಬಂದಾಗ ಸುತ್ತಿಡುತ್ತಿದ್ದಂತೆ ಎರಡು ಬೆರಳಿಗೆ ಸುತ್ತಿ, ತಿರುಗಿ ಚೀಲದಲ್ಲಿಟ್ಟುಕೊಂಡಳು. ಬೀಳಗಿಯ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ರಸ್ತೆಯ ಕಡೆಗೆ ನಡೆದೆವು.