ಹಳ್ಳವೋ ಕಾಲುವೆಯೋ: ದಕ್ಷಿಣ ಬೆಂಗಳೂರಿನ ಪ್ರಾಚೀನ ಕಣಿವೆಗಳ ವಿಚಾರ

1877ರಲ್ಲಿ ಇಟಲಿಯ ಖಗೋಳಶಾಸ್ತ್ರಜ್ಞ ಸ್ಕಿಯಾಪರೆಲ್ಲಿಯು ಮಂಗಳಗ್ರಹದ ಮೈಮೇಲೆ ತನಗೆ ಕಂಡ ಗೆರೆಗಳನ್ನು ‘ಕನಾಲಿ’ ಎಂದು ಕರೆದನು. ಅವನ ಭಾಷೆಯಲ್ಲಿ ಆ ಪದವು ನೀರು ತಾನಾಗಿ ಕೊರೆದ ಪಾತ್ರಕ್ಕೂ ಸಲ್ಲುತ್ತದೆ, ಮನುಷ್ಯನು ತೋಡಿದ ಕಾಲುವೆಗೂ ಸಲ್ಲುತ್ತದೆ. ಇಂಗ್ಲಿಷಿಗೆ ಬರುವಾಗ ಅದು ಎರಡನೆಯ ಅರ್ಥವನ್ನೇ ಹಿಡಿದು ಬಂದಿತು. ಕಾಲುವೆಯಿದ್ದ ಮೇಲೆ ಅದನ್ನು ತೋಡಿದವರೂ ಇರಬೇಕೆಂದು ಅಮೆರಿಕದ ಪರ್ಸಿವಲ್ ಲೋವೆಲನು ವಾದಿಸಿದನು. 1971ರ ನವೆಂಬರಿನಲ್ಲಿ ಮಂಗಳವನ್ನು ಸುತ್ತತೊಡಗಿದ ಮ್ಯಾರಿನರ್-9 ನೌಕೆಯ ಚಿತ್ರಗಳಲ್ಲಿ ಆ ಗೆರೆಗಳ ಸುಳಿವಿರಲಿಲ್ಲ. ಆದರೆ ಬತ್ತಿಹೋದ ಹೊಳೆಗಳ ಪಾತ್ರಗಳೂ, ಸುಮಾರು 4,000 ಕಿ.ಮೀ. ಉದ್ದದ ಮಹಾಕಮರಿಯೊಂದೂ ಕಂಡುಬಂದವು. 2014ರ ಸೆಪ್ಟೆಂಬರಿನಲ್ಲಿ ಮಂಗಳವನ್ನು ತಲಪಿದ ನಮ್ಮ ದೇಶದ ಮಂಗಳಯಾನವೂ ಆ ಕಮರಿಯ ಚಿತ್ರಗಳನ್ನು ತೆಗೆಯಿತು.

ಬೆಂಗಳೂರಿನ ಚರಿತ್ರೆಯನ್ನು ಹೇಳಹೊರಟು ಮಂಗಳಗ್ರಹವನ್ನು ಎತ್ತಿದುದಕ್ಕೆ ಕಾರಣವುಂಟು. ನಮ್ಮ ನಗರದಲ್ಲಿಯೂ ಇದೇ ಬಗೆಯ ಪದದೋಷವೊಂದು ನಡೆದಿದೆ. ಅದು ದೂರದರ್ಶಕದ ಮುಂದೆ ನಡೆದುದಲ್ಲ, ಕಂದಾಯದ ದಫ್ತರದಲ್ಲಿಯೂ ಆಡುಮಾತಿನಲ್ಲಿಯೂ ನಡೆದುದು. ಪ್ರಕೃತಿಯು ಕೊರೆದ ಹಳ್ಳವನ್ನು ನಾವು ಕಾಲುವೆಯೆಂದೆವು, ಬಳಿಕ ಮೋರಿಯೆಂದೆವು. ಮೋರಿಯನ್ನು ಕಟ್ಟಿದವನು ಅದನ್ನು ಕದಲಿಸಲೂ ಬಲ್ಲನೆಂಬ ಭಾವನೆ ಆ ಹೆಸರಿನ ಜೊತೆಯಲ್ಲೇ ಬಂದಿತು.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಪ್ರಸ್ಥಭೂಮಿ. ಇದರ ತಳಹದಿ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತವರ ಕಾಲಡಿಯಲ್ಲಿರುವುದು ಅದೇ. ಈ ಶಿಲೆಯನ್ನು ಅಪಾರ ಕಾಲದ ಮಳೆನೀರು ಸವೆಸಿ ಕಣಿವೆಗಳನ್ನು ಮಾಡಿತು. ಕಣಿವೆಗಳ ವಯಸ್ಸು ಶಿಲೆಯ ವಯಸ್ಸಿಗಿಂತ ಬಹಳ ಕಡಿಮೆ, ಆದರೆ ಇಲ್ಲಿನ ಯಾವ ಊರಿಗಿಂತಲೂ ಅವು ಹಿರಿಯವು. ನಗರದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹಾಯುವ ದಿಣ್ಣೆಯೊಂದು ನೀರನ್ನು ಎರಡು ಪಾಲು ಮಾಡುತ್ತದೆ. ಬಸವನಗುಡಿಯ ಪಶ್ಚಿಮದ ಇಳುಕಲಿನಲ್ಲಿ ಬಿದ್ದ ಹನಿಯು ವೃಷಭಾವತಿಯನ್ನು ಸೇರಿ, ಕೆಂಗೇರಿಯನ್ನೂ ಬಿಡದಿಯ ಬಳಿಯ ಬೈರಮಂಗಲದ ಜಲಾಶಯವನ್ನೂ ದಾಟಿ, ಅರ್ಕಾವತಿಯಲ್ಲಿ ಬೆರೆತು, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಮೇಕೆದಾಟುವಿನ ಕಲ್ಲಿನ ಇಕ್ಕಟ್ಟಿನಲ್ಲಿ ಅದು ನುಗ್ಗಿ ಹೋಗಬೇಕು. ಜಯನಗರದ ಪೂರ್ವದ ಇಳುಕಲಿನಲ್ಲಿ ಬಿದ್ದ ಹನಿಗೆ ಈ ಯೋಗವಿಲ್ಲ. ಅದು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಅಗಲವಾದ, ಅಷ್ಟೇನೂ ಇಳಿಜಾರಿಲ್ಲದ ಬಯಲಿನಲ್ಲಿ ನಿಧಾನವಾಗಿ ಸಾಗಿ, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಮೂಲಕ ದಕ್ಷಿಣಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮದ್ದು ಕೊಳ್ಳ, ಪೂರ್ವದ್ದು ಬಯಲು. ಬಸವನ ಪಾದದಲ್ಲಿ ವೃಷಭಾವತಿಯು ಹುಟ್ಟುವಳೆಂಬ ಐತಿಹ್ಯವನ್ನು ಭಕ್ತಿಯ ಮಾತೆಂದು ತಳ್ಳಿಹಾಕುವವರುಂಟು; ನನಗೆ ಅದು ಭೂಗೋಳದ ಮಾತಾಗಿಯೂ ತೋರುತ್ತದೆ. ನದಿಯು ದಿಣ್ಣೆಯ ನೆತ್ತಿಯಲ್ಲಿ ಹುಟ್ಟುವುದೆಂಬುದನ್ನು ಹಿಂದಿನವರು ಸರಿಯಾಗಿಯೇ ಗುರುತಿಸಿದ್ದರು.

ಹಾಗಾದರೆ ಇಲ್ಲಿ ಮನುಷ್ಯನ ಕೈವಾಡವೇ ಇಲ್ಲವೆ ಎಂದು ವಾಚಕರು ಕೇಳಬಹುದು. ಇದೆ, ಬಹು ಹಿಂದಿನಿಂದಲೂ ಇದೆ. ಅಗರದಲ್ಲಿ ದೊರೆತ ಗಂಗರ ಕಾಲದ, ಒಂಬತ್ತನೆಯ ಶತಮಾನದ ಶಾಸನವು ಎರಡು ಕೆರೆಗಳಿಗೆ ತೂಬನ್ನಿಡಿಸಿ ಮೂಡಣ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಕೆಂಪೇಗೌಡನು 1537ರಲ್ಲಿ ಪೇಟೆಯನ್ನು ಕಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದಿನ ಮಾತಿದು. ಆದರೆ ಕೆರೆ ಕಟ್ಟಿಸಿದವನು ಮಾಡಿದುದೇನು? ಕಣಿವೆಯನ್ನು ಅವನು ಸೃಷ್ಟಿಸಲಿಲ್ಲ. ಇದ್ದ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ತೂಬಿಟ್ಟು, ಹೆಚ್ಚಾದ ನೀರಿಗೆ ಕೋಡಿ ಬಿಟ್ಟನು. ಕೋಡಿ ಬಿದ್ದ ನೀರು ಮತ್ತೆ ಹಳ್ಳವನ್ನೇ ಹಿಡಿದು ಕೆಳಗಿನ ಕೆರೆಗೆ ಹೋಯಿತು. ಮಡಿವಾಳದ ಕೆರೆಯಿಂದ ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ ಹೀಗೆ ಸರಪಣಿ ಬೆಳೆಯಿತು. ಈ ಕೊಂಡಿಗಳನ್ನೇ ನಾವು ರಾಜಕಾಲುವೆ ಎನ್ನುವುದು. ಹೆಸರು ಕೇಳಿದರೆ ಯಾವನೋ ಅರಸನು ತೋಡಿಸಿದಂತಿದೆ. ಅಲ್ಲಲ್ಲಿ ತೋಡಿ ನೇರ ಮಾಡಿದ ಭಾಗಗಳಿವೆ ನಿಜ, ಆದರೆ ಜಾಡು ಹಳ್ಳದ್ದು.

ಊರ ಹೆಸರುಗಳು ಈ ಮಾತಿಗೆ ಸಾಕ್ಷಿ. ಬಿ.ಟಿ.ಎಂ. ಬಡಾವಣೆಯೆಂಬ ಮೂರಕ್ಷರದ ಹೆಸರನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಹೊರಬರುತ್ತವೆ. ತಾವರೆಕೆರೆಗೆ ವ್ಯಾಖ್ಯಾನ ಬೇಕಿಲ್ಲ. ‘ಸಂದ್ರ’ವು ‘ಸಮುದ್ರ’ದ ತದ್ಭವ, ದೊಡ್ಡ ಕೆರೆಯನ್ನು ಸಮುದ್ರವೆನ್ನುವುದು ನಮ್ಮ ನಾಡಿನ ಹಳೆಯ ರೂಢಿ. ಮಡಿವಾಳವನ್ನೂ ಈ ಲೆಕ್ಕಕ್ಕೆ ಎಳೆದು ತರುವ ಆಸೆಯನ್ನು ಮಾತ್ರ ತಡೆಯಬೇಕು. ಅಲ್ಲಿ ಕೆರೆ ಇರುವುದು ನೆಲದಲ್ಲಿ, ಹೆಸರಿನಲ್ಲಲ್ಲ. ಇನ್ನೆರಡು ಹೆಸರುಗಳಲ್ಲಿದ್ದ ನೀರು ಮೊದಲಕ್ಷರಗಳಷ್ಟೇ ಉಳಿದಾಗ ಇಂಗಿಹೋಯಿತು.

ಕೆರೆಗಳ ಮೇಲಿನ ಕಣ್ಣು ತಪ್ಪಿದುದು ಯಾವಾಗ? ಹೆಸರಘಟ್ಟದ ನೀರು 1896ರಲ್ಲಿ ಕೊಳವೆಯ ಮೂಲಕ ಬಂದಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿಯದು. ನಲ್ಲಿಯಲ್ಲಿ ನೀರು ಬಂದ ಮೇಲೆ ಪೇಟೆಗೆ ಕೆರೆ ಬೇಡವಾಯಿತು. ಗದ್ದೆಗಳು ನಿವೇಶನಗಳಾದ ಮೇಲೆ ತೂಬೆತ್ತುವ ನೀರಗಂಟಿಗೆ ಕೆಲಸವಿಲ್ಲದಾಯಿತು. 1948ರಲ್ಲಿ ಆರಂಭವಾದ ಜಯನಗರವನ್ನು ಚೌಕಳಿಯ ನಕ್ಷೆಯಲ್ಲಿ ಬಹಳ ಅಂದವಾಗಿ ಹಾಕಿದರು. ಇಂದಿಗೂ ನಗರದ ಉತ್ತಮ ಬಡಾವಣೆಗಳಲ್ಲಿ ಅದೊಂದು. ಆದರೆ ಚೌಕಳಿಗೆ ಏರು-ತಗ್ಗಿನ ಪರಿವೆ ಕಡಿಮೆ. ಅಲ್ಲಿನ ಇಳುಕಲು ಈಗ ತಿಳಿಯುವುದು ಸೈಕಲ್ ತುಳಿಯುವವನ ಕಾಲಿಗೆ ಮಾತ್ರ.

ಇದರ ಜೊತೆಗೆ ಕಂದಾಯದ ಪರಿಭಾಷೆಯೊಂದನ್ನೂ ಲಕ್ಷ್ಯದಲ್ಲಿಡಬೇಕು. ಭೂಮಾಪನದ ಲೆಕ್ಕದಲ್ಲಿ ಹಳ್ಳ, ಕೆರೆ, ದಾರಿ ಮುಂತಾದ ಸಾರ್ವಜನಿಕ ನೆಲಗಳು ‘ಬಿ-ಖರಾಬು’ ವರ್ಗಕ್ಕೆ ಸೇರುತ್ತವೆ. ಸಾಗುವಳಿಗೆ ಒದಗದ, ಕಂದಾಯವಿಲ್ಲದ ನೆಲವೆಂಬುದಷ್ಟೇ ಅದರ ಅರ್ಥ. ಸಾರ್ವಜನಿಕರ ಹಕ್ಕನ್ನು ಕಾಯುವುದೇ ಆ ವರ್ಗದ ಉದ್ದೇಶ. ಆದರೂ ‘ಖರಾಬು’ ಎಂಬ ಮಾತು ಜನರ ಕಿವಿಗೆ ‘ಕೆಟ್ಟದ್ದು, ಉಪಯೋಗವಿಲ್ಲದ್ದು’ ಎಂದೇ ಕೇಳಿಸಿತು. ಕೆಟ್ಟ ನೆಲವನ್ನು ಯಾರು ಒತ್ತಿಕೊಂಡರೇನು? 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರಿನ ಸುತ್ತಣ ಹೊರವರ್ತುಲ ರಸ್ತೆ ಮುಳುಗಿ, ಬಡಾವಣೆಗಳ ನಿವಾಸಿಗಳು ದೋಣಿಯಲ್ಲಿಯೂ ಟ್ರಾಕ್ಟರಿನಲ್ಲಿಯೂ ಹೊರಬರಬೇಕಾಯಿತು. ನೀರು ರಸ್ತೆಗೆ ನುಗ್ಗಿತೆಂದು ಎಲ್ಲರೂ ಆಡಿಕೊಂಡರು. ಕಣಿವೆಯ ತಗ್ಗಿನಲ್ಲಿ ಅಡ್ಡ ನಿಂತುದು ರಸ್ತೆ.

ಈಚೆಗೆ ಇನ್ನೊಂದು ವಿಚಿತ್ರವೂ ಸೇರಿಕೊಂಡಿದೆ. ಸುಮಾರು ನೂರು ಕಿಲೋಮೀಟರಿನಿಂದ ಮೇಲೆತ್ತಿ ತಂದ ಕಾವೇರಿಯ ನೀರು ಜಯನಗರದ ಮನೆಗಳಲ್ಲಿ ಬಳಕೆಯಾಗಿ ಪೂರ್ವದ ಕಣಿವೆಗೆ ಇಳಿಯುತ್ತದೆ. ಅಂದರೆ ಕಾವೇರಿಯ ನೀರು ದಿಣ್ಣೆಯನ್ನು ದಾಟಿ ಪಿನಾಕಿನಿಯ ಪಾಲಾಗುತ್ತಿದೆ. 2018ರಿಂದ ಅದನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಏರಿಸಲಾಗುತ್ತಿದೆ. ಆ ಯೋಜನೆಯನ್ನು ಜನರು ಕರೆಯುವುದು ‘ಕೆ.ಸಿ. ವ್ಯಾಲಿ’ ಎಂದು. ಮೋರಿಯ ನೀರೆಂದು ಮೂಗು ಮುಚ್ಚಿಕೊಳ್ಳುತ್ತಿದ್ದುದಕ್ಕೆ ಕಣಿವೆಯ ಹೆಸರು ಮರಳಿ ಬಂದಿದೆ, ಇಂಗ್ಲಿಷಿನಲ್ಲಾದರೂ ಚಿಂತೆಯಿಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವುಂಟು. ಹಳೆಯ ಗ್ರಾಮನಕಾಶೆಗಳಲ್ಲಿ ಹಳ್ಳಗಳನ್ನು ಗುರುತಿಸಿರುತ್ತಾರೆ. ಸಾರಕ್ಕಿ, ಪುಟ್ಟೇನಹಳ್ಳಿ, ಬೈರಸಂದ್ರ, ತಾವರೆಕೆರೆಗಳ ನಕಾಶೆಗಳನ್ನು ಇಂದಿನ ಬಡಾವಣೆಗಳ ನಕ್ಷೆಯ ಮೇಲಿಟ್ಟು ನೋಡಿ, ಅನಂತರ ಮಳೆಗಾಲದ ಒಂದು ಸಂಜೆ ಅದೇ ಜಾಡಿನಲ್ಲಿ ನಡೆದು ಬರಬೇಕು. ಬ್ಯೂಗಲ್ ರಾಕಿನ ದಿಣ್ಣೆಯಿಂದ ಹೊರಟರೆ ಪಶ್ಚಿಮದ ಕೆಂಪಾಂಬುಧಿ ಕೆರೆಗೆ ಇಳಿಯುವುದು ಅರ್ಧ ಗಂಟೆಯ ಹಾದಿಯೂ ಅಲ್ಲ.