ಭೂಗತ ಕೊಳವೆಮಾರ್ಗಗಳ ತುರ್ತು ದುರಸ್ತಿ ಮತ್ತು ಪರಿಸರ ಅನುಮತಿ

ನೆಲದಡಿಯ ನೀರು, ಒಳಚರಂಡಿ, ತೈಲ ಮತ್ತು ಅನಿಲ ಕೊಳವೆಗಳು ಒಡೆದಾಗ ನಡೆಸುವ ದುರಸ್ತಿಯ ನಿಯಮಗಳು ಭಾರತದಲ್ಲಿ ಹಲವು ಕಾಯ್ದೆಗಳಲ್ಲಿ ಹಂಚಿಹೋಗಿವೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಲ್ಲಿರುವ, ಪೂರ್ವಾನುಮತಿ ಬೇಕಾದ ಯೋಜನೆಗಳ ಪಟ್ಟಿಯಲ್ಲಿ ಕುಡಿಯುವ ನೀರಿನ ಕೊಳವೆಗಳಿಲ್ಲ. ಹೀಗಾಗಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದಿಂದ ಚಿತ್ರದುರ್ಗಕ್ಕೆ ನೀರು ಒಯ್ಯುವಂಥ ಕೊಳವೆ ಒಡೆದರೆ, ವಾಲ್ವ್ ಮುಚ್ಚಿ, ಗುಂಡಿ ತೋಡಿ, ಹಾಳಾದ ಪೈಪು ಬದಲಿಸಲು ಆ ಅಧಿಸೂಚನೆಯಡಿ ಪೂರ್ವಾನುಮತಿ ಬೇಕಿಲ್ಲ. ಆದರೆ ದುರಸ್ತಿಗಾಗಿ ಮರ ಕಡಿಯಬೇಕಾದರೆ, ಅದನ್ನು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ನಿಯಂತ್ರಿಸುತ್ತದೆ; ಅನುಮತಿ ನೀಡುವವರು ವೃಕ್ಷಾಧಿಕಾರಿ. ತೈಲ, ಅನಿಲ ಕೊಳವೆಗಳ ವಿಷಯದಲ್ಲಿ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆಯ 8ನೇ ಕಲಂ ತುರ್ತಿನಲ್ಲಿ ನೋಟಿಸಿಲ್ಲದೆ ಜಮೀನು ಪ್ರವೇಶಿಸಲು ಅವಕಾಶ ಕೊಡುತ್ತದೆ. ಹಾನಿ ಮಾತ್ರ ಆದಷ್ಟು ಕಡಿಮೆಯಿರಬೇಕು. ಅವಘಡದಿಂದ ಕೊಳಚೆ ವೇದಾವತಿಯಂಥ ನದಿಗೆ ಸೇರಿದರೆ, 1974ರ ಜಲ ಕಾಯ್ದೆಯ 31ನೇ ಕಲಮಿನಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೂಡಲೇ ತಿಳಿಸಬೇಕು.